ಐ5-2400 ಯಂತ್ರ ಕೊಳ್ಳಲೇ, ಐ5-3470 ಕೊಳ್ಳಲೇ?

ಪ್ರಶ್ನೆ: ಮಾನ್ಯರೇ, ನಾನು ಡೊಂಬಿವಲಿಯಲ್ಲಿ ಮನೆಯಿಂದಲೇ ಡಿಟಿಪಿ ಕೆಲಸ ಮಾಡಿಕೊಡುತ್ತೇನೆ. ಮದುವೆಯ ಕರೆಯೋಲೆ, ಕನ್ನಡ ಸಂಘಗಳ ಸ್ಮರಣ ಸಂಚಿಕೆ, ಭಜನಾ ಮಂಡಳಿಗಳ ಕಿರುಹೊತ್ತಗೆ, ಹೆಚ್ಚಾಗಿ ಇಂಥ ಕೆಲಸಗಳೇ ಬರುತ್ತವೆ. ನುಡಿ ಅಕ್ಷರಗಳೊಡನೆ ಪೇಜ್‌ಮೇಕರ್ ಬಳಸುತ್ತೇನೆ; ಕೋರೆಲ್‌ಡ್ರಾ ಮತ್ತು ಫೋಟೊಶಾಪ್‌ಗಳ ಹಳೆಯ ಆವೃತ್ತಿಗಳೂ ಬೇಕು. ಇದುವರೆಗೆ ಇದ್ದ ಕೋರ್ 2 ಡ್ಯುವೊ ಯಂತ್ರ ಈಗ ಪೂರ್ತಿ ನಿಂತುಹೋಗಿದೆ. ಹೊಸದನ್ನು ಕೊಳ್ಳುವಷ್ಟು ಹಣ ಈಗ ಹೊಂದುವುದಿಲ್ಲ. ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಯೊಂದರಲ್ಲಿ ಕಚೇರಿಗಳಿಂದ ಬಂದ ಎರಡು ಸೆಕೆಂಡ್ ಹ್ಯಾಂಡ್ ಯಂತ್ರಗಳನ್ನು ತೋರಿಸಿದರು. ಒಂದರಲ್ಲಿ ಇಂಟೆಲ್ ಕೋರ್ ಐ5-2400, ಇನ್ನೊಂದರಲ್ಲಿ ಐ5-3470. ಎರಡರಲ್ಲೂ 4 ಜಿಬಿ ರ‍್ಯಾಮ್ ಮತ್ತು ಹಾರ್ಡ್ ಡಿಸ್ಕ್ ಇವೆ. ಎರಡನೆಯದಕ್ಕೆ ಬೆಲೆ ಹೆಚ್ಚು. ಎರಡೂ ಐ5, ಎರಡಕ್ಕೂ ನಾಲ್ಕು ಕೋರ್ ಎಂದ ಮೇಲೆ ಹೆಚ್ಚಿನ ಹಣ ಯಾವುದಕ್ಕಾಗಿ? ಕೊಟ್ಟರೆ ನನ್ನ ಕೆಲಸದಲ್ಲಿ ವ್ಯತ್ಯಾಸ ಕಾಣುತ್ತದೆಯೇ?
— ಓದುಗರು, ಡೊಂಬಿವಲಿ

ಉತ್ತರ: ಪ್ರೊಸೆಸರ್ ಒಂದನ್ನೇ ನೋಡಿ ಹೇಳುವುದಾದರೆ ನಿಮ್ಮ ಕೆಲಸದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಆದರೆ ನೀವು ಕೊಳ್ಳುತ್ತಿರುವುದು ಪ್ರೊಸೆಸರನ್ನಲ್ಲ, ಅದು ಕೂತಿರುವ ಇಡೀ ಯಂತ್ರವನ್ನು; ಈ ಎರಡು ಪ್ರೊಸೆಸರ್‌ಗಳ ನಡುವಿನ ಅಂತರಕ್ಕಿಂತ ಅವು ಕೂತಿರುವ ಮದರ್‌ಬೋರ್ಡ್‌ಗಳ ನಡುವಿನ ಅಂತರವೇ ದೊಡ್ಡದು. ಹೆಚ್ಚಿನ ಹಣ ಕೊಡಬೇಕೋ ಬೇಡವೋ ಎಂಬುದನ್ನು ಆ ಬೋರ್ಡ್ ನೋಡಿಯೇ ತೀರ್ಮಾನಿಸಬೇಕು ಎಂಬುದು ನನ್ನ ಸಲಹೆ.

ಮೊದಲು ಪ್ರೊಸೆಸರ್‌ಗಳ ವಿಷಯ. ಐ5-2400 ಬಂದದ್ದು 2011ರ ಜನವರಿಯಲ್ಲಿ, ಇಂಟೆಲ್ ‘ಸ್ಯಾಂಡಿ ಬ್ರಿಜ್’ ಎಂದು ಕರೆದ ಎರಡನೆಯ ತಲೆಮಾರಿನ ಜೊತೆಗೆ. ಐ5-3470 ಬಂದದ್ದು 2012ರ ನಡುವಿನಲ್ಲಿ, ‘ಐವಿ ಬ್ರಿಜ್’ ಎಂಬ ಮೂರನೆಯ ತಲೆಮಾರಿನ ಜೊತೆಗೆ. ಆ ವರ್ಷಗಳಲ್ಲಿ ಇಂಟೆಲ್ ಒಂದು ಪದ್ಧತಿಯನ್ನು ಅನುಸರಿಸುತ್ತಿತ್ತು: ಒಂದು ವರ್ಷ ಹೊಸ ವಿನ್ಯಾಸವನ್ನು ತರುವುದು, ಮರುವರ್ಷ ಅದೇ ವಿನ್ಯಾಸವನ್ನು ಇನ್ನಷ್ಟು ಚಿಕ್ಕ ಗಾತ್ರದ ಟ್ರಾನ್ಸಿಸ್ಟರ್‌ಗಳಲ್ಲಿ ತಯಾರಿಸುವುದು. ಸ್ಯಾಂಡಿ ಬ್ರಿಜ್ ಹೊಸ ವಿನ್ಯಾಸದ ವರ್ಷದ್ದು. ಐವಿ ಬ್ರಿಜ್ ಬಹುಮಟ್ಟಿಗೆ ಅದನ್ನೇ 32 ನ್ಯಾನೊಮೀಟರ್‌ನಿಂದ 22 ನ್ಯಾನೊಮೀಟರ್‌ಗೆ ಇಳಿಸಿದ ವರ್ಷದ್ದು. ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಇವೆರಡೂ ಇಷ್ಟೊಂದು ಹೋಲುವುದಕ್ಕೆ ಇದೇ ಕಾರಣ. ಎರಡರಲ್ಲೂ ನಾಲ್ಕು ಕೋರ್, ನಾಲ್ಕೇ ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಎಳೆ). ಎರಡರಲ್ಲೂ 6 ಎಂಬಿ ಕ್ಯಾಶ್ (ಪ್ರೊಸೆಸರಿನ ಒಳಗಿನ ಚುರುಕು ಮೆಮೊರಿ). ಎರಡೂ ಎಲ್‌ಜಿಎ 1155 ಎಂಬ ಒಂದೇ ಸಾಕೆಟ್‌ನಲ್ಲಿ ಕೂರುತ್ತವೆ. ಎರಡೂ ಬಳಸುವುದು ಡಿಡಿಆರ್3 ರ‍್ಯಾಮನ್ನೇ.

ಹಾಗಾದರೆ ಬದಲಾದದ್ದು ಏನು? 2400ರ ಮೂಲ ವೇಗ 3.1 ಗಿಗಾಹರ್ಟ್ಸ್, ಭಾರ ಬಿದ್ದಾಗ ತಾನಾಗಿ ವೇಗ ಏರಿಸಿಕೊಳ್ಳುವ ಟರ್ಬೊದಲ್ಲಿ 3.4ರವರೆಗೆ ಏರುತ್ತದೆ. 3470ರ ಮೂಲ ವೇಗ 3.2, ಟರ್ಬೊದಲ್ಲಿ 3.6. ಒಂದೇ ಗಿಗಾಹರ್ಟ್ಸ್‌ನಲ್ಲಿ ಓಡಿಸಿದರೂ ಐವಿ ಬ್ರಿಜ್ ಶೇ. 5ರ ಆಸುಪಾಸಿನಲ್ಲಿ ಹೆಚ್ಚು ಕೆಲಸ ಮಾಡುತ್ತದೆ. ಇವೆರಡನ್ನೂ ಕೂಡಿಸಿದರೆ ಒಟ್ಟು ಅಂತರ ಶೇ. 10ರ ಹತ್ತಿರ ನಿಲ್ಲುತ್ತದೆ. ಹತ್ತು ನಿಮಿಷ ಹಿಡಿಯುವ ವಿಡಿಯೊ ಪರಿವರ್ತನೆಯಂಥ ಕೆಲಸವಾದರೆ ಸುಮಾರು ಒಂದು ನಿಮಿಷ ಉಳಿಯಬಹುದು. ಪೇಜ್‌ಮೇಕರ್‌ನಲ್ಲಿ ಪುಟ ತಿರುವುವುದು, ಕೋರೆಲ್‌ನಲ್ಲಿ ಒಂದು ಅಂಚನ್ನು ಎಳೆದು ಕೂರಿಸುವುದು ಮುಂತಾದವು ಸೆಕೆಂಡಿನ ಸಣ್ಣ ಭಾಗದಲ್ಲಿ ಮುಗಿಯುವ ಕೆಲಸಗಳು; ಅದರ ಹತ್ತನೆಯ ಒಂದು ಪಾಲನ್ನು ಯಾರ ಕಣ್ಣೂ ಗುರುತಿಸಲಾರದು. ಪೇಜ್‌ಮೇಕರ್‌ನಂಥ ತಂತ್ರಾಂಶ ಇವುಗಳಿಗಿಂತ ಎಷ್ಟೋ ದುರ್ಬಲವಾದ, ಒಂದೇ ಕೋರಿನ ಪ್ರೊಸೆಸರ್‌ಗಳ ಕಾಲದಲ್ಲಿ ಬರೆದದ್ದು. ಅದಕ್ಕೆ ನಾಲ್ಕು ಕೋರ್‌ಗಳನ್ನು ಬಳಸಲು ಬರುವುದಿಲ್ಲ, ಒಂದರಲ್ಲಿಯೇ ಸಲೀಸಾಗಿ ಓಡುತ್ತದೆ.

ವಿದ್ಯುತ್ತಿನ ಬಗ್ಗೆ ಅಂಗಡಿಯವರು ಬಹುಶಃ 95 ವಾಟ್ ಮತ್ತು 77 ವಾಟ್ ಎಂಬ ಅಂಕಿಗಳನ್ನು ಹೇಳಿರುತ್ತಾರೆ. 2400ರದ್ದು 95, 3470ರದ್ದು 77, ಅಂಕಿಗಳು ಸರಿ. ಆದರೆ ಇವು ಪ್ರೊಸೆಸರ್ ಪೂರ್ತಿ ದುಡಿಯುವಾಗ ಕೂಲರ್ ಹೊರಹಾಕಬೇಕಾದ ಶಾಖದ ಅಳತೆಗಳೇ ಹೊರತು ಮೀಟರಿನಲ್ಲಿ ದಿನವಿಡೀ ಓಡುವ ಅಂಕಿಗಳಲ್ಲ. ಲೆಕ್ಕಕ್ಕಾಗಿ 18 ವಾಟ್‌ನ ಅಂತರವನ್ನು ಪೂರ್ತಿಯಾಗಿ ಹಿಡಿದು, ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 300 ದಿನ ಪ್ರೊಸೆಸರ್ ಸತತವಾಗಿ ಪೂರ್ಣ ಭಾರದಲ್ಲಿ ದುಡಿಯಿತು ಎಂದುಕೊಂಡರೂ ಉಳಿಯುವುದು ವರ್ಷಕ್ಕೆ 43 ಯೂನಿಟ್. ಡಿಟಿಪಿ ಮಾಡುವವರ ಪ್ರೊಸೆಸರ್ ಬಹುಪಾಲು ಹೊತ್ತು ಮುಂದಿನ ಕೀಲಿ ಒತ್ತುವುದನ್ನೇ ಕಾಯುತ್ತಿರುತ್ತದೆ, ಆ ಸ್ಥಿತಿಯಲ್ಲಿ ಇವೆರಡರ ಬಳಕೆಯಲ್ಲಿ ಹೇಳಿಕೊಳ್ಳುವ ಅಂತರವಿಲ್ಲ. ಹಾಗಾಗಿ ನಿಮಗೆ ಸಿಗುವ ಉಳಿತಾಯ ಇದರ ಒಂದು ಸಣ್ಣ ಪಾಲು ಮಾತ್ರ. ಈ ಕಾರಣಕ್ಕಾಗಿ ಹೆಚ್ಚು ಬೆಲೆ ಕೊಡಬೇಕಾಗಿಲ್ಲ.

ಗ್ರಾಫಿಕ್ಸ್‌ನಲ್ಲಿ ಮಾತ್ರ ಅಂತರ ಇನ್ನೊಂದಿಷ್ಟು ಸ್ಪಷ್ಟವಾಗಿದೆ. ಎರಡೂ ಪ್ರೊಸೆಸರ್‌ಗಳ ಒಳಗೇ ಗ್ರಾಫಿಕ್ಸ್ ಇದೆ. ಪ್ರತ್ಯೇಕ ಕಾರ್ಡ್ ಬೇಕಿಲ್ಲ. 2400ರಲ್ಲಿ ಎಚ್‌ಡಿ ಗ್ರಾಫಿಕ್ಸ್ 2000 ಇದೆ, ಅದು ವಿಂಡೋಸ್‌ನಲ್ಲಿ ಗ್ರಾಫಿಕ್ಸ್ ನಡೆಸುವ ಡೈರೆಕ್ಟ್‌ಎಕ್ಸ್ ಎಂಬ ವ್ಯವಸ್ಥೆಯನ್ನು 10.1ರವರೆಗೆ ಬಲ್ಲದು, 3470ರಲ್ಲಿ ಎಚ್‌ಡಿ ಗ್ರಾಫಿಕ್ಸ್ 2500 ಇದೆ, ಅದು ಡೈರೆಕ್ಟ್‌ಎಕ್ಸ್ 11ನ್ನು ಬಲ್ಲದು. ಅದಕ್ಕಿಂತ ಮುಖ್ಯವಾದದ್ದು ಡ್ರೈವರ್, ಅಂದರೆ ಗ್ರಾಫಿಕ್ಸ್‌ನಿಂದ ವಿಂಡೋಸ್ ಕೆಲಸ ಮಾಡಿಸಿಕೊಳ್ಳಲು ಬೇಕಾದ ತಂತ್ರಾಂಶ. ವಿಂಡೋಸ್ 10ಕ್ಕಾಗಿ ಇಂಟೆಲ್ ತನ್ನ ಗ್ರಾಫಿಕ್ಸ್ ಡ್ರೈವರನ್ನು ಮೂರನೆಯ ತಲೆಮಾರಿನಿಂದ ಈಚೆಗೆ ಮಾತ್ರ ಸಿದ್ಧಪಡಿಸಿತು. ಎರಡನೆಯ ತಲೆಮಾರಿನ 2400 ವಿಂಡೋಸ್ 10ರಲ್ಲಿ ಹಿಂದಿನ ವಿಂಡೋಸ್‌ಗಾಗಿ ಬರೆದ ಡ್ರೈವರಿನಿಂದಲೇ ಕೆಲಸ ನಡೆಸುತ್ತದೆ. ಪುಟ ಜೋಡಣೆಗೆ ಅದರಿಂದ ತೊಂದರೆಯಿಲ್ಲ. ಆದರೆ ಮುಂದೆ ಫೋಟೊಶಾಪ್‌ನ ಹೊಸ ಆವೃತ್ತಿಗೆ ಹೋಗುವ ಯೋಚನೆ ನಿಮಗಿದ್ದರೆ ಎರಡು ಯಂತ್ರಗಳೂ ಆಗಿಬರುವುದಿಲ್ಲ, ಏಕೆಂದರೆ ಹೊಸ ಆವೃತ್ತಿಗಳು ಡೈರೆಕ್ಟ್‌ಎಕ್ಸ್ 12ನ್ನು ಕೇಳುತ್ತವೆ. ಈ ಎರಡು ಗ್ರಾಫಿಕ್ಸ್‌ಗಳಿಗೂ ಅದು ತಿಳಿಯದು.

ಬಿಡುವಿನಲ್ಲಿ ಯೂಟ್ಯೂಬ್ ನೋಡುವವರಿಗೂ ಒಂದು ವಿಷಯ ಹೇಳಬೇಕು. ಎರಡೂ ಪ್ರೊಸೆಸರ್‌ಗಳು ಎಚ್.264 ಎಂಬ ಹಳೆಯ ವಿಡಿಯೊ ಮಾದರಿಯನ್ನು ತಮ್ಮ ಗ್ರಾಫಿಕ್ಸ್ ಭಾಗದಲ್ಲಿಯೇ ಬಿಡಿಸಬಲ್ಲವು; ಇಂದು ಹೆಚ್ಚಾಗಿ ಬರುವ ವಿಪಿ9 ಮತ್ತು ಎವಿ1 ಮಾದರಿಗಳನ್ನು ಹಾಗೆ ಬಿಡಿಸಲಾರವು. ಆ ಕೆಲಸವೆಲ್ಲ ನಾಲ್ಕು ಕೋರ್‌ಗಳ ಮೇಲೆ ಬೀಳುತ್ತದೆ. 1080ರ ಸ್ಪಷ್ಟತೆಯವರೆಗೆ ಎರಡೂ ನಿಭಾಯಿಸುತ್ತವೆ, ಫ್ಯಾನಿನ ಸದ್ದು ಒಂದಿಷ್ಟು ಏರುತ್ತದೆ. 4ಕೆ ವಿಡಿಯೊವನ್ನು ಇವುಗಳಿಂದ ನಿರೀಕ್ಷಿಸಬೇಡಿ.

ಇನ್ನು ನಿಜವಾಗಿ ನೋಡಬೇಕಾದದ್ದಕ್ಕೆ ಬರುತ್ತೇನೆ. 2400 ಸಾಮಾನ್ಯವಾಗಿ ಇಂಟೆಲ್‌ನ 6ನೆಯ ಸರಣಿಯ ಚಿಪ್‌ಸೆಟ್ (ಬೋರ್ಡ್‌ನ ಪೋರ್ಟ್‌ಗಳನ್ನು ನಿಭಾಯಿಸುವ ಚಿಪ್) ಇರುವ ಬೋರ್ಡ್‌ಗಳಲ್ಲಿ ಸಿಗುತ್ತದೆ: ಎಚ್61, ಎಚ್67, ಕ್ಯೂ65, ಕ್ಯೂ67 ಇತ್ಯಾದಿ. 3470 ಹೆಚ್ಚಾಗಿ 7ನೆಯ ಸರಣಿಯಲ್ಲಿ ಸಿಗುತ್ತದೆ: ಬಿ75, ಎಚ್77, ಕ್ಯೂ77 ಇತ್ಯಾದಿ. ಹೆಚ್ಚಿನ ಹಣಕ್ಕೆ ಏನಾದರೂ ಸಮರ್ಥನೆ ಇದ್ದರೆ ಅದು ಇಲ್ಲಿದೆ. 7ನೆಯ ಸರಣಿಯ ಚಿಪ್‌ಸೆಟ್‌ನಲ್ಲಿ ಯುಎಸ್‌ಬಿ 3.0 ಅಡಕವಾಗಿಯೇ ಬರುತ್ತದೆ. 6ನೆಯ ಸರಣಿಯಲ್ಲಿ ಅದಿಲ್ಲ, ಬೋರ್ಡ್ ತಯಾರಿಸಿದವರು ಬೇರೆ ಚಿಪ್ ಸೇರಿಸಿದ್ದರೆ ಮಾತ್ರ ಇರುತ್ತದೆ. ನೀವು ಸ್ಮರಣ ಸಂಚಿಕೆಯ ನೂರಾರು ಫೋಟೊಗಳನ್ನು ಪೆನ್ ಡ್ರೈವ್‌ನಲ್ಲಿ ತರಿಸಿಕೊಳ್ಳುವವರು, ಮುಗಿದ ಕೆಲಸವನ್ನು ಪೆನ್ ಡ್ರೈವ್‌ನಲ್ಲಿಯೇ ಮುದ್ರಣಾಲಯಕ್ಕೆ ಕಳಿಸುವವರು. ಹಳೆಯ ಯುಎಸ್‌ಬಿ 2.0 ಪೋರ್ಟ್‌ನಲ್ಲಿ ಸೆಕೆಂಡಿಗೆ 30-35 ಎಂಬಿ ಸಾಗಿದರೆ ಅದೇ ಹೆಚ್ಚು. ಒಳ್ಳೆಯ ಪೆನ್ ಡ್ರೈವ್ ಇದ್ದರೆ 3.0ರಲ್ಲಿ ಅದರ ಹಲವು ಪಟ್ಟು ಸಾಗುತ್ತದೆ. ಪ್ರೊಸೆಸರಿನ ಶೇ. 10ರ ಅಂತರ ನಿಮ್ಮ ಕಣ್ಣಿಗೆ ಬೀಳದು, ಪೆನ್ ಡ್ರೈವ್‌ನ ಈ ಅಂತರ ಮೊದಲ ದಿನವೇ ಗೊತ್ತಾಗುತ್ತದೆ. ಅಂಗಡಿಯಲ್ಲಿ ಯಂತ್ರದ ಹಿಂಬದಿಯನ್ನು ನೋಡಿ, ಯುಎಸ್‌ಬಿ 3.0 ಪೋರ್ಟ್‌ನ ಒಳಗಿನ ನಾಲಿಗೆ ಸಾಮಾನ್ಯವಾಗಿ ನೀಲಿ ಬಣ್ಣದ್ದಾಗಿರುತ್ತದೆ.

ಡಿಸ್ಕ್‌ಗಳನ್ನು ಜೋಡಿಸುವ ಸಾಟಾ ಪೋರ್ಟ್‌ಗಳ ವಿಷಯವೂ ಹೀಗೆಯೇ. ಎಚ್61 ಚಿಪ್‌ಸೆಟ್‌ನಲ್ಲಿ ಸೆಕೆಂಡಿಗೆ 3 ಗಿಗಾಬಿಟ್‌ನ ಪೋರ್ಟ್‌ಗಳಷ್ಟೇ ಇವೆ. ಬಿ75ರಲ್ಲಿ 6 ಗಿಗಾಬಿಟ್‌ನದು ಒಂದು, ಕ್ಯೂ67 ಮತ್ತು ಕ್ಯೂ77ರಲ್ಲಿ ಎರಡೆರಡು. ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ನ ಬದಲಿಗೆ ಹಾಕುವ, ತಿರುಗುವ ಭಾಗಗಳಿಲ್ಲದ ಚುರುಕು ಡಿಸ್ಕ್) ಹಾಕುವಾಗ 6 ಗಿಗಾಬಿಟ್‌ನ ಪೋರ್ಟ್‌ಗೇ ಜೋಡಿಸಿರಿ ಎಂದು ಮೆಕ್ಯಾನಿಕ್‌ಗೆ ಹೇಳಬೇಕು. ಬೋರ್ಡ್‌ನ ಮೇಲೆ ಪೋರ್ಟ್‌ನ ಪಕ್ಕ ಅದನ್ನು ಅಚ್ಚು ಹಾಕಿರುತ್ತಾರೆ. ಹಾಗೆಂದು ಎಚ್61 ಬೋರ್ಡ್‌ನಲ್ಲಿ ಎಸ್‌ಎಸ್‌ಡಿ ವ್ಯರ್ಥ ಎಂದುಕೊಳ್ಳಬೇಡಿ. ಎಸ್‌ಎಸ್‌ಡಿಯ ದೊಡ್ಡ ಲಾಭವಿರುವುದು ಚದುರಿದ ಸಣ್ಣ ಕಡತಗಳನ್ನು ಥಟ್ಟನೆ ಹುಡುಕಿ ತರುವುದರಲ್ಲಿ, ಆ ಲಾಭ ನಿಧಾನದ ಪೋರ್ಟ್‌ನಲ್ಲಿಯೂ ಸಿಗುತ್ತದೆ. ಇದರ ಜೊತೆಗೆ ರ‍್ಯಾಮ್ ಕೂರಿಸುವ ಜಾಗಗಳನ್ನು ಎಣಿಸಿ. ಎಚ್61 ಬೋರ್ಡ್‌ನಲ್ಲಿ ಎರಡೇ ಇರುತ್ತವೆ, ಒಟ್ಟು 16 ಜಿಬಿಯೇ ಮಿತಿ. ಉಳಿದ ಹೆಚ್ಚಿನ ಬೋರ್ಡ್‌ಗಳಲ್ಲಿ ನಾಲ್ಕು ಜಾಗಗಳಿದ್ದು 32 ಜಿಬಿಯವರೆಗೆ ಹೋಗಬಹುದು.

ಹಣ ಎಲ್ಲಿ ಹಾಕಬೇಕು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಅಂಗಡಿಯವರು ತೋರಿಸಿದ ಎರಡು ಯಂತ್ರಗಳಲ್ಲಿಯೂ ಹಾರ್ಡ್ ಡಿಸ್ಕ್ ಇದೆ ಎಂದು ಬರೆದಿದ್ದೀರಿ. ಹಾರ್ಡ್ ಡಿಸ್ಕ್ ಇರುವ 3470ಕ್ಕಿಂತ ಎಸ್‌ಎಸ್‌ಡಿ ಇರುವ 2400 ಎಲ್ಲ ದಿನಬಳಕೆಯ ಕೆಲಸಗಳಲ್ಲಿಯೂ ಚುರುಕು. ಎರಡರ ಬೆಲೆಯ ವ್ಯತ್ಯಾಸ ಒಂದು 240 ಅಥವಾ 256 ಜಿಬಿ ಎಸ್‌ಎಸ್‌ಡಿಯ ಬೆಲೆಯ ಹತ್ತಿರ ಬಂದರೆ ಕಣ್ಣುಮುಚ್ಚಿ 2400 ಯಂತ್ರವನ್ನೇ ತೆಗೆದುಕೊಂಡು ಉಳಿದ ಹಣಕ್ಕೆ ಎಸ್‌ಎಸ್‌ಡಿ ಹಾಕಿಸಿಕೊಳ್ಳಿ. ವ್ಯತ್ಯಾಸ ಅದರ ಅರ್ಧಕ್ಕಿಂತ ಕಡಿಮೆಯಿದ್ದು, 3470 ಯಂತ್ರದ ಬೋರ್ಡ್ 7ನೆಯ ಸರಣಿಯದೇ ಆಗಿದ್ದರೆ 3470ಕ್ಕೆ ಹೋಗಿ. ಆದರೆ ಅದನ್ನು ಎಚ್61 ಬೋರ್ಡ್‌ನಲ್ಲಿ ಕೂರಿಸಿ ಹೆಚ್ಚು ಬೆಲೆ ಕೇಳುತ್ತಿದ್ದರೆ ಒಪ್ಪಬೇಡಿ. ಆಗ ನೀವು ಹಣ ಕೊಡುತ್ತಿರುವುದು ಪ್ರೊಸೆಸರಿನ ಹೆಸರಿಗೆ ಮಾತ್ರ.

ರ‍್ಯಾಮ್ 4ರಿಂದ 8 ಜಿಬಿಗೆ ಏರಿಸಿಕೊಳ್ಳಬೇಕು, ಅದೂ ಎರಡು 4 ಜಿಬಿ ಪಟ್ಟಿಗಳಾಗಿ, ಎರಡು ಚಾನೆಲ್‌ಗಳಲ್ಲಿ. ಒಂದೇ ಪಟ್ಟಿಯಿದ್ದರೆ ಒಳಗಿನ ಗ್ರಾಫಿಕ್ಸ್ ಸೊರಗುತ್ತದೆ, ಏಕೆಂದರೆ ಅದಕ್ಕೆ ಸ್ವಂತ ಮೆಮೊರಿ ಇಲ್ಲ. ಆದರೆ ನಿಮ್ಮಂಥವರು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಪೇಜ್‌ಮೇಕರ್ ಮತ್ತು ಹಳೆಯ ಪ್ರಿಂಟರುಗಳ ಸಲುವಾಗಿ ಎಷ್ಟೋ ಡಿಟಿಪಿ ಕೇಂದ್ರಗಳವರು ಇಂದಿಗೂ 32 ಬಿಟ್ ವಿಂಡೋಸ್ ಹಾಕಿಸಿಕೊಳ್ಳುತ್ತಾರೆ. ಅದು 4 ಜಿಬಿಗಿಂತ ಹೆಚ್ಚಿನ ರ‍್ಯಾಮನ್ನು ಬಳಸುವುದಿಲ್ಲ. ನೀವು 32 ಬಿಟ್ಟೇ ಹಾಕಿಸುವುದಾದರೆ ರ‍್ಯಾಮ್‌ಗೆ ಕೊಟ್ಟ ಹಣ ನಷ್ಟ. ಅದನ್ನು ಎಸ್‌ಎಸ್‌ಡಿಗೆ ಸೇರಿಸುವುದು ಮೇಲು.

ಹಳೆಯ ಲಿಪಿ ತಂತ್ರಾಂಶಗಳನ್ನು ಹಾರ್ಡ್‌ವೇರ್ ಲಾಕ್‌ನೊಂದಿಗೆ (ಯಂತ್ರಕ್ಕೆ ಸಿಕ್ಕಿಸಿದರೆ ಮಾತ್ರ ತಂತ್ರಾಂಶ ಓಡಗೊಡುವ ಪುಟ್ಟ ಸಾಧನ) ಕೊಂಡವರು ಅದರ ಪ್ಲಗ್ ಯಾವುದೆಂದು ನೋಡಿಕೊಳ್ಳಬೇಕು. ಯುಎಸ್‌ಬಿಯದಾದರೆ ಚಿಂತೆಯಿಲ್ಲ. ಪ್ಯಾರಲಲ್ ಪೋರ್ಟ್‌ಗೆ ಹಾಕುವಂಥದಾದರೆ ಆ ಪೋರ್ಟ್ ಇರುವ ಬೋರ್ಡನ್ನೇ ಆರಿಸಬೇಕಾಗುತ್ತದೆ. ಆಗ ಪ್ರೊಸೆಸರ್ ಯಾವುದೆಂಬ ಪ್ರಶ್ನೆ ಹಿಂದಕ್ಕೆ ಸರಿಯುತ್ತದೆ.

ವಿಂಡೋಸ್‌ನ ಬಗ್ಗೆ ನೀವು ಕೇಳಿಲ್ಲವಾದರೂ ಅಂಗಡಿಯವರು ಹೇಳದೆ ಬಿಡಬಹುದಾದ ವಿಷಯ ಇದೇ ಆದ್ದರಿಂದ ವಿವರಿಸುತ್ತೇನೆ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆದಾರರು ನೋಂದಾಯಿಸಿಕೊಂಡರೆ ಸುರಕ್ಷತೆಯ ಪರಿಷ್ಕರಣೆಗಳು 2026ರ ಅಕ್ಟೋಬರ್ 13ರವರೆಗೆ ದೊರೆಯುವ ಏರ್ಪಾಡನ್ನು ಮಾಡಿದ್ದಾರೆ. ವಿಂಡೋಸ್ 11 ಅಧಿಕೃತವಾಗಿ ಬೆಂಬಲಿಸುವುದು ಇಂಟೆಲ್‌ನ ಎಂಟನೆಯ ತಲೆಮಾರು ಮತ್ತು ಅದರ ಮುಂದಿನವುಗಳನ್ನು. ಜೊತೆಗೆ ಟಿಪಿಎಂ 2.0 ಎಂಬ ಸುರಕ್ಷತಾ ಸೌಲಭ್ಯ ಇರಬೇಕು. 2400 ಎರಡನೆಯ ತಲೆಮಾರಿನದು, 3470 ಮೂರನೆಯದು. ಈ ವಿಷಯದಲ್ಲಿ ಎರಡೂ ಸಮಾನವಾಗಿ ಹೊರಗಿವೆ. ‘ವಿಂಡೋಸ್ 11 ಹಾಕಿಕೊಡುತ್ತೇವೆ’ ಎಂದು ಅಂಗಡಿಯವರು ಹೇಳಿದರೆ ಅದು ತಪಾಸಣೆಯನ್ನು ತಪ್ಪಿಸಿ ಹಾಕುವ ವಿಧಾನ. ಓಡುತ್ತದೆ, ಆದರೆ ಪರಿಷ್ಕರಣೆಗಳು ಬಂದೇ ಬರುತ್ತವೆ ಎಂಬ ಭರವಸೆ ಅದಕ್ಕಿಲ್ಲ. ಮುಂದಿನ ತಲೆಮಾರಿನದೆಂಬ ಕಾರಣಕ್ಕೆ 3470 ಹೆಚ್ಚು ಕಾಲ ಬಾಳುತ್ತದೆ ಎಂದು ಹೇಳುವವರನ್ನು ಈ ಕಾರಣದಿಂದಲೇ ನಾನು ಒಪ್ಪುವುದಿಲ್ಲ.

ನಿಮ್ಮ ಸ್ಥಿತಿಯಲ್ಲಿ ಸುರಕ್ಷಿತವಾದ ದಾರಿಯೆಂದರೆ ಈ ಯಂತ್ರವನ್ನು ಕೇವಲ ಪುಟವಿನ್ಯಾಸಕ್ಕೆ ಮೀಸಲಿಟ್ಟು ಇಂಟರ್ನೆಟ್‌ನಿಂದ ದೂರವಿಡುವುದು. ಮೇಲ್, ಬ್ಯಾಂಕು, ವಾಟ್ಸಾಪ್‌ಗಳನ್ನು ಮೊಬೈಲಿನಲ್ಲಿಯೇ ನೋಡಿಕೊಳ್ಳುವುದು. ಗ್ರಾಹಕರ ಪೆನ್ ಡ್ರೈವ್‌ಗಳಿಂದ ವೈರಸ್ ಬರುವ ಭಯ ಆಗಲೂ ಇರುತ್ತದೆ, ಆದ್ದರಿಂದ ಮುಗಿದ ಸಂಚಿಕೆಗಳ ಕಡತಗಳನ್ನು ಹೊರಗಿನ ಡಿಸ್ಕ್ ಒಂದರಲ್ಲಿ ತಪ್ಪದೆ ನಕಲು ಮಾಡಿಡಿ. ಯಂತ್ರಕ್ಕಿಂತ ಆ ಕಡತಗಳು ಬೆಲೆಬಾಳುವವು.

ಹಣ ಕೊಡುವ ಮುನ್ನ ಅಂಗಡಿಯಲ್ಲಿಯೇ ಯಂತ್ರವನ್ನು ಹಾಕಿಸಿ, ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ಪ್ರೊಸೆಸರಿನ ಪೂರ್ತಿ ಹೆಸರನ್ನು ಓದಿ. ಅಂಕಿಯ ಕೊನೆಯ ಅಕ್ಷರ ಇಲ್ಲಿ ಬಹಳ ಮುಖ್ಯ. ಐ5-3470ಎಸ್ ಎಂಬುದು 65 ವಾಟ್‌ನ ಆವೃತ್ತಿ. ಮೂಲ ವೇಗ 2.9ಕ್ಕೆ ಇಳಿದಿದ್ದರೂ ನಾಲ್ಕು ಕೋರ್‌ಗಳಿವೆ, ಅದನ್ನು ಕೊಳ್ಳಬಹುದು. ಐ5-3470ಟಿ ಎಂಬುದು ಬೇರೆಯದೇ ಪ್ರೊಸೆಸರ್. ಅದಕ್ಕಿರುವುದು ಎರಡೇ ಕೋರ್, 3 ಎಂಬಿ ಕ್ಯಾಶ್. ತೆಳ್ಳನೆಯ ಪುಟ್ಟ ಡೆಸ್ಕ್‌ಟಾಪ್‌ಗಳಲ್ಲಿ ಕಡಿಮೆ ಶಾಖಕ್ಕಾಗಿ ಅದನ್ನು ಹಾಕುತ್ತಿದ್ದರು. ಅಂಗಡಿಯ ಚೀಟಿಯಲ್ಲಿ ಬರೀ ‘ಐ5 ಮೂರನೆಯ ಜನರೇಷನ್’ ಎಂದಿದ್ದರೆ ಅದು ಈ ಟಿ ಆಗಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ, ಮತ್ತು ಪೂರ್ತಿ 2400ರ ಮುಂದೆ ಅದು ಸ್ಪಷ್ಟವಾಗಿ ಹಿಂದೆ ಬೀಳುತ್ತದೆ. ತೆಳ್ಳನೆಯ ಯಂತ್ರಗಳ ಪವರ್ ಸಪ್ಲೈ ಕೂಡ ವಿಶೇಷ ಅಳತೆಯದಾಗಿರುತ್ತದೆ. ಸುಟ್ಟುಹೋದರೆ ಡೊಂಬಿವಲಿಯ ಅಂಗಡಿಯಲ್ಲಿ ಥಟ್ಟನೆ ಬದಲಿ ಸಿಗದು. ಸಾಧ್ಯವಾದರೆ ದೊಡ್ಡ ಕ್ಯಾಬಿನೆಟ್ಟಿನ ಯಂತ್ರವನ್ನೇ ಆರಿಸಿಕೊಳ್ಳಿ, ಗ್ರಾಂಟ್ ರೋಡ್ ನಿಲ್ದಾಣದಿಂದ ಹೊತ್ತು ತರುವುದು ಕಷ್ಟವಾದರೂ ಸರಿ.

ಪ್ರಶ್ನೆ: ಪಿಂಪ್ರಿ-ಚಿಂಚ್‌ವಡದಲ್ಲಿ ನಮ್ಮ ಮನೆಯಲ್ಲಿ ಐ5-2400 ಇರುವ ಕಚೇರಿ ಮಾದರಿಯ ಡೆಸ್ಕ್‌ಟಾಪ್ ಇದೆ. ಮದರ್‌ಬೋರ್ಡ್‌ನದು ಕ್ಯೂ65 ಚಿಪ್‌ಸೆಟ್. ಎಸ್‌ಎಸ್‌ಡಿ ಮತ್ತು 16 ಜಿಬಿ ರ‍್ಯಾಮ್ ಹಾಕಿಸಿದ್ದೇವೆ. ಮಗಳು ಎಂಜಿನಿಯರಿಂಗ್ ಓದುತ್ತಿದ್ದು, ಪ್ರೋಗ್ರಾಂ ಬರೆಯಲು ಮತ್ತು ವರ್ಚುವಲ್ ಮಷಿನ್ ಓಡಿಸಲು ಅದನ್ನೇ ಬಳಸುತ್ತಾಳೆ. ಸಾಕೆಟ್ ಒಂದೇ ಆದ್ದರಿಂದ ಪ್ರೊಸೆಸರನ್ನಷ್ಟೇ ತೆಗೆದು ಐ5-3470 ಹಾಕಬಹುದು ಎಂದು ಪರಿಚಿತರು ಹೇಳುತ್ತಾರೆ. ಹಾಕಿಸಲೇ?
— ಓದುಗರು, ಪುಣೆ

ಉತ್ತರ: ಬೇಡ. ಸಾಕೆಟ್ ಒಂದೇ ಎಂಬುದು ನಿಜ, ಪ್ರೊಸೆಸರ್ ಅದರಲ್ಲಿ ಸರಿಯಾಗಿ ಕೂರುತ್ತದೆ ಎಂಬುದೂ ನಿಜ. ಆದರೆ ಕೂತದ್ದು ಓಡಬೇಕೆಂದೇನಿಲ್ಲ. 6ನೆಯ ಸರಣಿಯ ಚಿಪ್‌ಸೆಟ್‌ಗಳಲ್ಲಿ ಎಚ್61, ಎಚ್67, ಪಿ67, ಝಡ್68 ಇವುಗಳಿಗೆ ತಯಾರಕರು ಹೊಸ ಬಯೋಸ್ (ಬೋರ್ಡ್‌ನೊಳಗೇ ಇದ್ದು ಯಂತ್ರವನ್ನು ಚಾಲೂ ಮಾಡುವ ತಂತ್ರಾಂಶ) ಕೊಟ್ಟಿದ್ದರೆ ಐವಿ ಬ್ರಿಜ್ ನಡೆಯುತ್ತದೆ. ಕಚೇರಿ ಯಂತ್ರಗಳಿಗೆಂದು ಮಾಡಿದ ಕ್ಯೂ65, ಕ್ಯೂ67 ಮತ್ತು ಬಿ65 ಈ ಮೂರಕ್ಕೆ ಇಂಟೆಲ್ ಆ ಬೆಂಬಲವನ್ನು ಕೊಡಲಿಲ್ಲ. ನಿಮ್ಮದು ಕ್ಯೂ65. ಹಾಕಿಸಿದರೆ ಪರದೆ ಕಪ್ಪಾಗಿಯೇ ಉಳಿಯುವುದನ್ನು ನೋಡಬೇಕಾಗುತ್ತದೆ.

3470ರ ಸಲುವಾಗಿ ಬೋರ್ಡನ್ನೂ ಬದಲಿಸುವುದು ಮೂಗಿಗಿಂತ ಮೂಗುತಿ ಭಾರ ಎಂಬಂತಾಗುತ್ತದೆ. ಶೇ. 10ರ ಲಾಭಕ್ಕಾಗಿ ಓಡುತ್ತಿರುವ ಯಂತ್ರವನ್ನು ಬಿಚ್ಚುವುದರಲ್ಲಿ ಅರ್ಥವಿಲ್ಲ. ನಿಮ್ಮಲ್ಲಿ ಎಸ್‌ಎಸ್‌ಡಿಯೂ ಸಾಕಷ್ಟು ರ‍್ಯಾಮೂ ಈಗಾಗಲೇ ಇರುವುದರಿಂದ ಡೊಂಬಿವಲಿಯ ಓದುಗರಿಗೆ ಹೇಳಿದ ಸುಲಭದ ಲಾಭವೂ ನಿಮಗೆ ಉಳಿದಿಲ್ಲ. ಆದರೆ ನಿಮ್ಮ ಮಗಳ ಕೆಲಸದ ಸ್ವರೂಪ ಬೇರೆ. ವರ್ಚುವಲ್ ಮಷಿನ್ ಎಂದರೆ ಒಂದು ಯಂತ್ರದೊಳಗೆ ಇನ್ನೊಂದನ್ನು ಓಡಿಸುವುದು. ನಾಲ್ಕು ಥ್ರೆಡ್‌ಗಳಲ್ಲಿ ಎರಡನ್ನು ಒಳಗಿನದಕ್ಕೆ ಕೊಟ್ಟರೆ ಹೊರಗಿನದು ಉಳಿದ ಎರಡರಲ್ಲಿಯೇ ಉಸಿರಾಡಬೇಕು. ಇಲ್ಲಿ ಥ್ರೆಡ್‌ಗಳ ಸಂಖ್ಯೆಗೆ ನಿಜವಾದ ಬೆಲೆಯಿದೆ. 3470 ಹಾಕಿದರೂ ಥ್ರೆಡ್‌ಗಳು ನಾಲ್ಕೇ.

ನೀವು ಹುಡುಕಬೇಕಾದದ್ದು 2400ರದೇ ತಲೆಮಾರಿನ ಐ7-2600. ಕೋರ್ ನಾಲ್ಕು, ಥ್ರೆಡ್ ಎಂಟು, ಕ್ಯಾಶ್ 8 ಎಂಬಿ, ವೇಗ 3.4ರಿಂದ ಟರ್ಬೊದಲ್ಲಿ 3.8 ಗಿಗಾಹರ್ಟ್ಸ್. ಇದೂ 95 ವಾಟ್‌ನದೇ ಆದ್ದರಿಂದ ಈಗಿರುವ ಕೂಲರ್ ಮತ್ತು ಪವರ್ ಸಪ್ಲೈ ಸಾಕು. ಸ್ಯಾಂಡಿ ಬ್ರಿಜ್ ಆದದ್ದರಿಂದ ಕ್ಯೂ65 ಇದನ್ನು ತಕರಾರಿಲ್ಲದೆ ಒಪ್ಪುತ್ತದೆ. ಕೊನೆಯಲ್ಲಿ ಕೆ ಅಕ್ಷರವಿರುವ 2600ಕೆ ಬೇಡ. ವೇಗವನ್ನು ಮಿತಿಮೀರಿ ಏರಿಸುವ ಅದರ ಅನುಕೂಲಕ್ಕೆ ನಿಮ್ಮ ಬೋರ್ಡ್ ಅವಕಾಶ ಕೊಡುವುದಿಲ್ಲ, ಮತ್ತು ಇಂಟೆಲ್ ಆ ಮಾದರಿಯಲ್ಲಿ ವರ್ಚುವಲ್ ಮಷಿನ್‌ಗೆ ನೇರವಾಗಿ ಯಂತ್ರಾಂಶವನ್ನು ಒಪ್ಪಿಸುವ ವಿಟಿ-ಡಿ ಸೌಲಭ್ಯವನ್ನು ತೆಗೆದುಹಾಕಿತ್ತು.

ಬದಲಿಸುವಾಗ ಮೆಕ್ಯಾನಿಕ್ ಪಕ್ಕದಲ್ಲಿ ನಿಂತು ಒಂದು ವಿಷಯವನ್ನು ನೋಡಿಕೊಳ್ಳಿ. ಈ ಸಾಕೆಟ್‌ನಲ್ಲಿ ಸೂಕ್ಷ್ಮವಾದ ಪಿನ್‌ಗಳಿರುವುದು ಪ್ರೊಸೆಸರಿನಲ್ಲಿ ಅಲ್ಲ, ಬೋರ್ಡ್‌ನಲ್ಲಿ. ಪ್ರೊಸೆಸರ್ ಕೈಜಾರಿ ಅವುಗಳ ಮೇಲೆ ಬಿದ್ದರೆ ಬೋರ್ಡೇ ಹಾಳಾಗುತ್ತದೆ. ಹಳೆಯ ಥರ್ಮಲ್ ಪೇಸ್ಟನ್ನು ಪೂರ್ತಿ ಒರೆಸಿ ಹೊಸದನ್ನು ಹಚ್ಚಬೇಕು. ಬಯೋಸ್‌ನಲ್ಲಿ ವರ್ಚುವಲೈಸೇಷನ್ ಆಯ್ಕೆ ಚಾಲೂ ಇದೆಯೇ ಎಂದು ನೋಡಿ. ಕಚೇರಿ ಯಂತ್ರಗಳಲ್ಲಿ ಅದನ್ನು ಎಷ್ಟೋ ಬಾರಿ ಬಂದ್ ಮಾಡಿಟ್ಟಿರುತ್ತಾರೆ. ಬಂದ್ ಇದ್ದರೆ ಪ್ರೊಸೆಸರ್ ಕೊಳ್ಳುವ ಮೊದಲೇ ಇದನ್ನು ಚಾಲೂ ಮಾಡಿ ನೋಡಿ. ಈಗಿನ 2400ರಲ್ಲಿಯೂ ಆ ಸೌಲಭ್ಯವಿದೆ, ಪ್ರೊಸೆಸರ್ ಬದಲಿಸುವ ಅಗತ್ಯ ಅಲ್ಲಿಗೇ ಮುಗಿಯಲೂಬಹುದು.

ಪ್ರಶ್ನೆ: ವಾಸ್ಕೊದಲ್ಲಿ ನಮ್ಮ ಕನ್ನಡ ಬಳಗದವರು ಮಕ್ಕಳಿಗೆ ಭಾನುವಾರದ ಕನ್ನಡ ತರಗತಿ ನಡೆಸುತ್ತೇವೆ. ಕಂಪನಿಯೊಂದು ತನ್ನ ಹಳೆಯ ಯಂತ್ರಗಳನ್ನು ದಾನವಾಗಿ ಕೊಟ್ಟಿದೆ. ಕೆಲವು ಐ5-2400, ಕೆಲವು ಐ5-3470. ಮಕ್ಕಳಿಗೆ ಕನ್ನಡ ಬೆರಳಚ್ಚು ಕಲಿಸಬೇಕೆಂದಿದ್ದೇವೆ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು?
— ಓದುಗರು, ಗೋವಾ

ಉತ್ತರ: ಎಲ್ಲವನ್ನೂ ಇಟ್ಟುಕೊಳ್ಳಿ. ಇವುಗಳ ಮೇಲೆ ವಿಂಡೋಸ್‌ನ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆಯನ್ನು ಹಾಕಿದರೆ ವಿಂಡೋಸ್‌ನ ಬೆಂಬಲ ಮುಗಿದ ತೊಡಕು ಇಲ್ಲವಾಗುತ್ತದೆ. ಎರಡು ಪ್ರೊಸೆಸರ್‌ಗಳ ಗ್ರಾಫಿಕ್ಸ್‌ಗೂ ಬೇಕಾದ ಡ್ರೈವರ್ ಲಿನಕ್ಸ್‌ನ ಒಳಗೇ ಇದೆ, ಹುಡುಕಿ ಹಾಕಬೇಕಾಗಿಲ್ಲ. ಒಂದು ಯಂತ್ರದಲ್ಲಿ ಅಣಿಗೊಳಿಸಿದ ಎಸ್‌ಎಸ್‌ಡಿಯ ಪ್ರತಿಯನ್ನು ಇನ್ನೊಂದಕ್ಕೆ ಹಾಕಿದರೂ ಸಾಮಾನ್ಯವಾಗಿ ತಕರಾರಿಲ್ಲದೆ ಓಡುತ್ತದೆ. ಕೀಲಿಮಣೆಯ ಆಯ್ಕೆಗಳಲ್ಲಿ ಕನ್ನಡದ ಇನ್‌ಸ್ಕ್ರಿಪ್ಟ್ ವಿನ್ಯಾಸವೂ ಕಗಪ ವಿನ್ಯಾಸವೂ ಸಿಗುತ್ತವೆ. ಮಕ್ಕಳಿಗೆ ಕಗಪವನ್ನೇ ಕಲಿಸಿ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ನುಡಿ ಬಳಸುವ ಹಿರಿಯರ ಕೀಲಿಮಣೆಗೂ ಇದಕ್ಕೂ ಹೊಂದಿಕೆಯಿದ್ದು ಮನೆಯಲ್ಲಿ ದೊಡ್ಡವರು ತಿದ್ದಲು ಅನುಕೂಲ. ಇದು ಯೂನಿಕೋಡ್‌ನಲ್ಲಿಯೇ ಮೂಡುವುದರಿಂದ ಮಕ್ಕಳು ಬರೆದದ್ದನ್ನು ಎಲ್ಲಿ ಬೇಕಾದರೂ ತೆರೆಯಬಹುದು.

ಬೆರಳಚ್ಚಿಗೆ 2400 ಮತ್ತು 3470 ಎಂಬ ಭೇದವೇ ಬೇಕಿಲ್ಲ. ಪ್ರೊಜೆಕ್ಟರಿಗೆ ಜೋಡಿಸಿ ವಿಡಿಯೊ ತೋರಿಸುವ ಯಂತ್ರ ಒಂದು ಬೇಕಾದರೆ ಅದಕ್ಕೆ 3470ನ್ನು ಇಟ್ಟುಕೊಳ್ಳಿ.

ನಿಮ್ಮ ಊರಿನಲ್ಲಿ ಪ್ರೊಸೆಸರಿಗಿಂತ ಮೊದಲು ಸೋಲುವುದು ಬೋರ್ಡ್. ಕಡಲ ಬದಿಯ ಉಪ್ಪು ಗಾಳಿ ಮತ್ತು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ ಸೇರಿ ರ‍್ಯಾಮ್ ಪಟ್ಟಿಗಳ ಅಂಚಿನಲ್ಲಿ, ಪೋರ್ಟ್‌ಗಳ ಒಳಗೆ ಕಿಲುಬು ಹಿಡಿಸುತ್ತವೆ. ವಾರಕ್ಕೊಮ್ಮೆ ಮಾತ್ರ ತರಗತಿ ಇದ್ದರೂ ಮಳೆಗಾಲದಲ್ಲಿ ನಡುವೆ ಒಂದೆರಡು ಸಲ ಎಲ್ಲ ಯಂತ್ರಗಳನ್ನೂ ಗಂಟೆ ಹೊತ್ತು ಓಡಿಸಿ, ಒಳಗಿನ ಬಿಸಿಯೇ ತೇವವನ್ನು ಹೊರಹಾಕುತ್ತದೆ. ಯಂತ್ರವನ್ನು ನೆಲದ ಮೇಲೆ ಇಡಬೇಡಿ, ಗೋಡೆಗೆ ಒತ್ತರಿಸಿ ಇಡಬೇಡಿ. ಹಾಕಿದಾಗಲೆಲ್ಲ ದಿನಾಂಕ ಹಿಂದಕ್ಕೆ ಹೋಗಿದ್ದರೆ, ಅಥವಾ ಸೆಟಿಂಗ್‌ಗಳು ಅಳಿಸಿವೆ ಎಂಬ ಸೂಚನೆ ಬರುತ್ತಿದ್ದರೆ ಬೋರ್ಡ್ ಕೆಟ್ಟಿದೆ ಎಂದು ಎಸೆಯಬೇಡಿ. ಅದರ ಮೇಲಿನ ಸಿಆರ್2032 ಎಂಬ ಬಿಲ್ಲೆಯಾಕಾರದ ಬ್ಯಾಟರಿ ಮುಗಿದಿರುತ್ತದೆ; ಇಷ್ಟು ವರ್ಷ ದುಡಿದ ಯಂತ್ರಗಳಲ್ಲಿ ಅದು ಸಹಜ. ಗಡಿಯಾರದ ಅಂಗಡಿಯಲ್ಲಿ ಸಿಗುವ ಅದನ್ನು ಎಲ್ಲ ಯಂತ್ರಗಳಿಗೂ ಒಮ್ಮೆಗೇ ಬದಲಿಸಿ, ಆಮೇಲೆ ಲಿನಕ್ಸ್ ಹಾಕಲು ಕುಳಿತುಕೊಳ್ಳಿ.